ಲಯೋಶನ ಒಂಬತ್ತನೆಯ ಸರದಿ

ಹದಿನೈದು ಚಳಿಗಾಲ ಇರ್ಮಾ ಕಾದದ್ದು ಆ ಒಂದು ಶನಿವಾರಕ್ಕಾಗಿ. ಶನಿವಾರ ಬಂದಾಗ ಮಾತ್ರ ಅವಳೊಳಗಿನ ಮಗಳು ಸುಮ್ಮನಾಗಿ, ತಂಡದ ಮ್ಯಾನೇಜರು ಮಾತಾಡಿದಳು.

ಟೊಲೀಡೊದ ಬೌಲಿಂಗ್ ಅಂಗಳದ ಹಿಂದಿನ ಕೋಣೆಯಲ್ಲಿ ಎಂಟು ಮಂದಿ ಉದ್ದ ಮೇಜಿನ ಸುತ್ತ ಕೂತಿದ್ದರು. ಗೋಡೆಯಾಚೆ ಭಾರದ ಚೆಂಡು ಉರುಳಿ ಗೂಟಗಳು ಬೀಳುವ ಸದ್ದು. ಹೊರಗೆ ಹಿಮ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸ್‌ಬಾಲಿನಿಂದ ಶುರು ಮಾಡಿ, ಚಳಿಗಾಲಕ್ಕೊಂದು ವರ್ಷದಂತೆ ಹಳೆಯ ಕಾಲವನ್ನು ಮೇಜಿನ ಮೇಲೆ ಕಾರ್ಡು, ದಾಳಗಳಲ್ಲಿ ಮತ್ತೆ ಆಡುತ್ತ ಬರುವುದು ಅವರ ಕೂಟದ ಕ್ರಮ. ಆಯಾ ವರ್ಷ ನಿಜವಾಗಿ ಆಡಿದವರಿಗೆಲ್ಲ ಒಂದೊಂದು ಕಾರ್ಡು. ಹೊಸದಾಗಿ ಬಂದವರನ್ನು ಡ್ರಾಫ್ಟಿನ ದಿನ ಸರದಿಯ ಮೇಲೆ ಒಬ್ಬೊಬ್ಬರನ್ನಾಗಿ ಆರಿಸಿಕೊಂಡು ತಮ್ಮ ತಂಡಕ್ಕೆ ಸೇರಿಸಿಕೊಳ್ಳಬೇಕು. ಈ ಚಳಿಗಾಲ ಅವರು ಸಾವಿರದ ಒಂಬೈನೂರ ಅರವತ್ತೊಂದಕ್ಕೆ ಬಂದು ಮುಟ್ಟಿದ್ದರು. ಆ ವರ್ಷದ ಹೊಸಬರಲ್ಲಿ, ತೀರ ಕೆಳಗಿನ ಸಾಲಿನಲ್ಲಿ, ಲಯೋಶ್ ಮೋಲ್ನಾರ್ ಇದ್ದ. ಇರ್ಮಾಳ ಅಪ್ಪ.

ಅಪ್ಪ ದೊಡ್ಡ ಲೀಗಿನಲ್ಲಿ ಆಡಿದ್ದು ಒಂದೇ ಒಂದು ಸೆಪ್ಟೆಂಬರ್. ಗಾಯಗೊಂಡವರ ಜಾಗ ತುಂಬಲು ಕೆಳಗಿನ ಲೀಗಿನಿಂದ ಕರೆಸಿಕೊಂಡಿದ್ದರು. ಒಂಬತ್ತು ಸಲ ಬ್ಯಾಟು ಹಿಡಿದು ನಿಂತ. ಒಂಬತ್ತು ಸಲವೂ ಔಟಾದ. ಮತ್ತೆ ಕರೆ ಬರಲಿಲ್ಲ. ಇರ್ಮಾ ಹುಟ್ಟುವ ಹೊತ್ತಿಗೆ ಅವನು ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ನಿಂತಿದ್ದ, ಮುಪ್ಪಿನವರೆಗೂ ಅಲ್ಲೇ ನಿಂತ. ಮನೆಯಲ್ಲಿ ಬೇಸ್‌ಬಾಲಿನ ಮಾತೆತ್ತುವಂತಿರಲಿಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಆಟ ಕೇಳಿಸಿದರೆ ಎದ್ದು ಕಿಟಕಿ ಮುಚ್ಚುತ್ತಿದ್ದ. ಇರ್ಮಾ ಶಾಲೆಯಿಂದ ಬಹುಮಾನ ತಂದರೆ, “ಎಷ್ಟು ಜನ ನಿಂತಿದ್ರು ಸ್ಪರ್ಧೆಗೆ?” ಎಂದು ಕೇಳುತ್ತಿದ್ದ, ಅಷ್ಟೆ. ಅವನು ಸತ್ತ ಮೇಲೂ ಆ ಪ್ರಶ್ನೆ ಅವಳ ಕಿವಿಯಲ್ಲಿ ಉಳಿದಿತ್ತು. ಏನು ಸಿಕ್ಕರೂ ಅವಳು ಮೊದಲು ಮಾಡುವುದು, ಅದು ನಿಜಕ್ಕೂ ದೊಡ್ಡದೇ ಎಂದು ಅಳೆದು ನೋಡುವುದು.

ಆಟದ ಕ್ರಮ ಇಷ್ಟು. ಮೂರು ದಾಳ. ಬಿಳಿಯ ದಾಳದಲ್ಲಿ ಮೂರರೊಳಗೆ ಬಿದ್ದರೆ ಬ್ಯಾಟು ಹಿಡಿದವನ ಕಾರ್ಡು ನೋಡಬೇಕು, ಮೂರು ದಾಟಿದರೆ ಚೆಂಡೆಸೆಯುವ ಪಿಚರನ ಕಾರ್ಡು. ಎರಡು ಕೆಂಪು ದಾಳಗಳ ಮೊತ್ತ ಯಾವ ಸಾಲು ಎನ್ನುವುದನ್ನು ಹೇಳುತ್ತದೆ. ಅಪ್ಪನ ಕಾರ್ಡಿನ ಯಾವ ಸಾಲಿನಲ್ಲೂ ಹಿಟ್ ಎಂಬ ಮಾತಿರಲಿಲ್ಲ; ಔಟಾಗದೆ ಚೆಂಡು ಹೊಡೆದು ಬೇಸು ಮುಟ್ಟಿದರೆ ಅದು ಹಿಟ್. ಆದರೆ ಎಂಥ ಪಿಚರನ ಕಾರ್ಡಿನಲ್ಲೂ ಒಂದೆರಡು ಹಿಟ್ ಇದ್ದೇ ಇರುತ್ತವೆ. ದಾಳ ಅತ್ತ ಹೊರಳಿದರೆ, ಜನ್ಮದಲ್ಲಿ ಒಮ್ಮೆಯೂ ಹೊಡೆಯದವನು ಇಲ್ಲಿ ಹೊಡೆದು ಬೇಸಿಗೆ ಓಡಬಹುದು. ಇನ್ನೊಂದು ಕಟ್ಟಳೆ ಎಂದರೆ, ನಿಜವಾಗಿ ಎಷ್ಟು ಸಲ ನಿಂತಿದ್ದನೋ ಇಲ್ಲೂ ಅಷ್ಟೇ ಸಲ ನಿಲ್ಲಬಹುದು. ಅಪ್ಪನಿಗೆ ಒಂಬತ್ತು ಸರದಿ. ಮರುವರ್ಷದ ಕಾರ್ಡುಗಳಲ್ಲಿ ಅವನಿಲ್ಲ. ಇರ್ಮಾಳಿಗೆ ಬೇಕಾಗಿದ್ದದ್ದು ಆ ಒಂಬತ್ತರಲ್ಲಿ ಒಂದು ಹಿಟ್.

ಗಂಡ ಬಿಟ್ಟುಹೋದ ವರ್ಷವೂ ಅವಳು ಡ್ರಾಫ್ಟ್ ತಪ್ಪಿಸಿರಲಿಲ್ಲ. ಮಿಕ್ಕವರು ಅವಳಿಗೆ ಆಟದ ಹುಚ್ಚು ಎಂದುಕೊಂಡಿದ್ದರು. ಅವರಿಗೆ ಅವಳು ಇರ್ಮಾ ಡಾರ್ಸಿ. ಹೋದ ಗಂಡನ ಹೆಸರು ಅಂಟಿಕೊಂಡೇ ಇತ್ತು. ಮೋಲ್ನಾರ್ ಯಾರೆಂದು ಬಲ್ಲವನು ವರ್ನ್ ಬೋದ್ನಾರ್ ಒಬ್ಬನೇ. ಅವಳ ಬೀದಿಯಲ್ಲೇ ಬೆಳೆದವನು, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಈಗ ಅಂಚೆ ಇಲಾಖೆಯಿಂದ ನಿವೃತ್ತ.

ಅವಳ ತಂಡಕ್ಕೆ ಆ ವರ್ಷ ಮೊದಲ ಸಲ ಕಪ್ ಗೆಲ್ಲುವ ಕಳೆ ಬಂದಿತ್ತು. ಎಡಗೈ ಪಿಚರ್ ಹಾಲಿಸ್ ಇದ್ದ. ಆಟದ ಕೊನೆಯಲ್ಲಿ ಅವನನ್ನು ಇಳಿಸಿದರೆ ಎದುರಿನವರು ಕಾರ್ಡು ಮಡಚಿ ಎದ್ದುಬಿಡುತ್ತಿದ್ದರು. ಬೇಕಾಗಿದ್ದವನು ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಒಬ್ಬ ಒಳ್ಳೆಯ ಕ್ಯಾಚರ್. ಮೊದಲ ಸುತ್ತಿನಲ್ಲಿ ಅವಳು ಕ್ಯಾಚರನನ್ನು ಎತ್ತಿಕೊಂಡಳು.

“ಅಯ್ಯೋ, ಅವನ ಮೇಲೆ ಕಣ್ಣಿಟ್ಟಿದ್ದೆನಲ್ಲೇ!” ವರ್ನ್ ಹಣೆ ಚಚ್ಚಿಕೊಂಡ. “ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡ್ತೀಯ ಅಂತ ಕಂಡೋರ ಹಲ್ಲೆಲ್ಲ ಕೀಳ್ತೀಯಲ್ಲ.”

“ಬಾಯಿ ಮುಚ್ಕೊಂಡಿದ್ರೆ ನಿನ್ನವು ಉಳೀತಾವೆ,” ಎಂದಳು. ಎಲ್ಲರೂ ನಕ್ಕರು.

ಎರಡನೆಯ ಸುತ್ತು ಬಂತು, ಮೂರನೆಯದು ಬಂತು. ಅಪ್ಪನ ಹೆಸರು ನಾಲಿಗೆಯವರೆಗೆ ಬಂದು ಹಿಂದೆ ಸರಿಯಿತು. ಯಾರು ತಗೊಳ್ತಾರೆ ಅಂಥ ಕಾರ್ಡನ್ನ, ಕೊನೆಯ ಸುತ್ತಿಗೆ ಬಿಟ್ಟರಾಯಿತು ಎಂದುಕೊಂಡಳು. ಒಳ್ಳೆಯ ಮ್ಯಾನೇಜರ್ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಜೊತೆಗೆ, ಹೊತ್ತಿಗೆ ಮುಂಚೆ ಕೂಗಿದರೆ ಈ ಗಂಡಸರು ನಗುತ್ತಾರೆಂಬ ಅಳುಕೂ ಇತ್ತು. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೆರಡು ಸುತ್ತಿನಲ್ಲಿ ಹನ್ನೊಂದನೆಯದು. ಇರ್ಮಾ ಒಬ್ಬ ಬದಲಿ ಆಟಗಾರನನ್ನು ಆರಿಸಿದಳು. ಅವಳ ನಂತರ ವರ್ನ್.

“ಮೋಲ್ನಾರ್,” ಎಂದ ವರ್ನ್. “ಲಯೋಶ್.”

ಡ್ರಾಫ್ಟ್ ನಡೆಸುತ್ತಿದ್ದ ಆಮೋಸ್ ಕನ್ನಡಕ ಮೇಲೆ ಸರಿಸಿ ಹುಡುಕಿದ. “ಇವನಾ? ಒಂದು ಹಿಟ್ಟೂ ಇಲ್ವಲ್ಲೋ! ಎಷ್ಟನೇ ಬಿಯರ್ ನಿಂದು?”

“ಬರ್ಕೋ ಮಾರಾಯ.”

ಆಮೋಸ್ ಬರೆದುಕೊಂಡ. ಇರ್ಮಾಳ ಕೈ ಕಡಲೆಕಾಯಿಯ ಬಟ್ಟಲಿನಲ್ಲೇ ಉಳಿಯಿತು.

ಡ್ರಾಫ್ಟ್ ಮುಗಿದ ಮೇಲೆ ಹೊರಗೆ ಕಾರುಗಳ ಹತ್ತಿರ, ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ ವರ್ನ್‌ನನ್ನು ಅವಳು ಅಡ್ಡಗಟ್ಟಿದಳು. “ಬೇಕಂತಲೇ ಮಾಡಿದೆ ಅಲ್ವಾ?”

“ಹೂಂ. ಹಾಲಿಸ್‌ನ ಕೊಡು, ನಿಮ್ಮಪ್ಪನ್ನ ತಗೊಂಡ್ಹೋಗು.”

“ನಾಚಿಕೆ ಆಗಲ್ವಾ ನಿಂಗೆ?”

ವರ್ನ್ ಕೆರೆಯುವುದನ್ನು ನಿಲ್ಲಿಸಿದ. “ನಂಗ್ಯಾಕೆ ನಾಚಿಕೆ? ಮೊದಲನೇ ಸುತ್ತಲ್ಲೇ ಕೂಗ್ತೀಯ ಅಂತ ಕಾಯ್ತಾ ಇದ್ದೆ. ಹನ್ನೊಂದು ಸುತ್ತು ಕಣೇ. ಹನ್ನೊಂದರಲ್ಲೂ ನೀನು ಅವರ ಹೆಸರೆತ್ತಲಿಲ್ಲ.”

ಅವಳು ತನ್ನ ಕಾರು ಹತ್ತಿ ಹೊರಟಳು. ಇಡೀ ದಾರಿ ಕಾರಿನ ಗಾಜಿಗೆ ಹಿಮ ಬಡಿಯುತ್ತಿತ್ತು. ಅಂದು ದೊಡ್ಡ ಲೀಗಿನವರೂ ಅಪ್ಪನನ್ನು ಹೀಗೇ ಅಲ್ಲವೇ ತೂಗಿ ನೋಡಿದ್ದು ಎಂಬ ಯೋಚನೆ ಬಂದು, ಮನೆ ಮುಟ್ಟುವವರೆಗೂ ಬಿಡಲಿಲ್ಲ.

ಅಡುಗೆಮನೆಯಲ್ಲಿ ಅವಳ ತಾಯಿ ಎಟೆಲ್ ಕುದಿಯುವ ನೀರಿಗೆ ಚಮಚದ ತುದಿಯಿಂದ ಹಿಟ್ಟಿನ ಪುಟ್ಟ ಪುಟ್ಟ ನೊಕೆಡ್ಲಿ ಉದುರಿಸುತ್ತಿದ್ದಳು. ಪಕ್ಕದ ಒಲೆಯ ಮೇಲೆ ಮೆಣಸಿನ ಪುಡಿಯ ಕೆಂಪಿನಲ್ಲಿ ಕೋಳಿ ಬೇಯುತ್ತಿತ್ತು. ಎಂಬತ್ತರ ಹತ್ತಿರದ ಹೆಂಗಸು. ಇರ್ಮಾ ಕೋಟು ಬಿಚ್ಚದೆಯೇ ಎಲ್ಲವನ್ನೂ ಹೇಳಿದಳು. ಈ ಆಟದ ವಿಷಯವಾಗಿ ತಾಯಿಯೊಂದಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು.

“ಹಾಲಿಸ್‌ನ ಕೊಟ್ರೆ ಅಪ್ಪ ಸಿಗ್ತಾನೆ. ಕಪ್ ಹೋಗುತ್ತೆ. ಹೋದ್ರೆ ಹೋಗ್ಲಿ ಅನ್ನಿಸ್ತಿದೆ.”

“ಸಿಕ್ಕಿ ಏನ್ಮಾಡ್ತೀಯ?”

“ಒಂದು ಹಿಟ್, ಅಮ್ಮಾ. ಅವನ ಹೆಸರಲ್ಲಿ ಒಂದು.”

ಎಟೆಲ್ ತೇಲಿ ಬಂದ ನೊಕೆಡ್ಲಿಗಳನ್ನು ಜಾಲರಿಯಿಂದ ಎತ್ತಿ ಬಟ್ಟಲಿಗೆ ಹಾಕಿದಳು. “ಅವನ ಅಪ್ಪನಿಗೂ ಒಂದು ಹಿಟ್ ಬೇಕಿತ್ತು. ಪಾದ್ರಿಗೂ ಬೇಕಿತ್ತು. ಈ ಬೀದಿಗೆಲ್ಲ ಬೇಕಿತ್ತು. ನಾನಲ್ಲಿ ಕೂತು ನೋಡಿದೀನಿ ಕಣೇ. ಅವನು ಬ್ಯಾಟು ಹಿಡ್ಕೊಂಡು ಬಂದ್ರೆ ಎದುರಿನ ಹುಡುಗರು ನಾಲ್ಕು ಹೆಜ್ಜೆ ಮುಂದಕ್ಕೆ ಬಂದು ನಿಲ್ಲೋರು. ಇವನೇನು ದೂರ ಹೊಡೀತಾನೆ ಅಂತ. ಔಟಾದದ್ದಲ್ಲ ಅವನ ಎದೆಗೆ ಚುಚ್ಚಿದ್ದು. ಆ ಹೆಜ್ಜೆಗಳು.”

ಇರ್ಮಾ ಕುರ್ಚಿ ಎಳೆದು ಕೂತಳು.

“ಮನೆಗೆ ಬಂದ. ಹೊಡೆದ್ರೆಷ್ಟು ಬಿಟ್ರೆಷ್ಟು, ಬಾ ಊಟ ಮಾಡು ಅಂದೆ. ನಿಜವಾಗ್ಲೂ ನಂಗೆ ಹಾಗೇ ಇತ್ತು. ಅವನು ಹೊಡೀಲಿ ಅಂತ ಬಯಸದೇ ಇದ್ದೋಳು ಊರಲ್ಲಿ ನಾನೊಬ್ಬಳೇ. ಅದೊಂದಕ್ಕೆ ಮಾತ್ರ ಅವನು ನನ್ನ ಕ್ಷಮಿಸಲಿಲ್ಲ.” ಅವಳು ಒಲೆ ಆರಿಸಿದಳು. “ಹಾಲಿಸ್‌ನ ಕೊಟ್ಟು ಅವನನ್ನ ತರಬೇಡ. ಯಾರೋ ಪಾಪ ಅಂತ ತಂದ್ರು ಅಂತಾಗುತ್ತೆ. ಅದನ್ನ ಅವನು ಸಹಿಸ್ತಿರಲಿಲ್ಲ.”

ಮರುದಿನ ಇರ್ಮಾ ವರ್ನ್‌ಗೆ ಫೋನು ಮಾಡಿ ಆಗುವುದಿಲ್ಲ ಎಂದಳು. “ನೋಡು, ಅದಲು ಬದಲಿಗೆ ಮೇ ತಿಂಗಳವರೆಗೂ ಟೈಮಿದೆ,” ಎಂದ ಅವನು.

ಚಳಿಗಾಲ ಕಳೆಯಿತು. ಮನೆಯಿಂದ ಮನೆಗೆ ಹೋಗಿ ಆಡುವ ಆಟಗಳಲ್ಲಿ ವರ್ನ್ ಲಯೋಶನನ್ನು ಆಗೊಮ್ಮೆ ಈಗೊಮ್ಮೆ ಬದಲಿ ಬ್ಯಾಟುಗಾರನಾಗಿ ಇಳಿಸುತ್ತಿದ್ದ. ಪ್ರತಿ ಭಾನುವಾರ ಸಂಜೆ ಎಲ್ಲ ಆಟಗಳ ವಿವರ ಆಮೋಸ್ ಕಳಿಸುತ್ತಿದ್ದ. ಇರ್ಮಾ ತನ್ನ ತಂಡದ ಗೆಲುವು ಸೋಲು ನೋಡುವ ಮುಂಚೆ ವರ್ನ್‌ನ ಆಟ ಹುಡುಕುತ್ತಿದ್ದಳು. ಮೋಲ್ನಾರ್, ಔಟ್. ಮೋಲ್ನಾರ್, ಔಟ್. ಒಮ್ಮೆ ನೋಡಿದರೆ ದಾಳ ಪಿಚರನ ಕಾರ್ಡಿನತ್ತಲೇ ಬಿದ್ದಿತ್ತು, ಆದರೂ ಔಟ್. ಅಂದು ರಾತ್ರಿ ಅವಳು ಹಾಲಿಸ್‌ನ ಕಾರ್ಡನ್ನು ಕೈಯಲ್ಲಿ ಹಿಡಿದು ಕೂತಳು, ಫೋನು ಎತ್ತಲಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ದಾಳದಲ್ಲಿ ಅವಳ ಕ್ಯಾಚರನ ಕಾರ್ಡಿಗೆ ಗಾಯವೆಂದು ಬಿದ್ದು ಅವನು ಆಟಕ್ಕಿಲ್ಲದಾದ, ತಂಡ ಜಾರಿತು, ಕಪ್ ಆಮೋಸನ ಪಾಲಾಯಿತು. ಅಪ್ಪನಿಗೆ ಒಂದೇ ಸರದಿ ಉಳಿದಿತ್ತು.

ಕೊನೆಯ ಆಟ ಇರ್ಮಾಳ ಅಡುಗೆಮನೆಯ ಮೇಜಿನ ಮೇಲೆ, ಮಧ್ಯಾಹ್ನ. ವರ್ನ್ ಬಾಗಿಲಲ್ಲೇ ಬೂಟು ಕಳಚಿ, “ಎಟೆಲ್ ನೇನಿ, ಏನಾದ್ರೂ ಉಳಿದಿದ್ಯಾ?” ಎಂದ. ಆ ಬೀದಿಯಲ್ಲಿ ಹಿರಿಯ ಹೆಂಗಸರೆಲ್ಲ ಈಗಲೂ ನೇನಿಗಳೇ.

“ಬಂದ ತಕ್ಷಣ ತಿನ್ನೋದು. ಹತ್ತು ವರ್ಷದ ಹುಡುಗ ಆಗಿದ್ದಾಗ್ಲೂ ಹೀಗೇ,” ಎಂದು ಅವಳು ಎಲೆಕೋಸಿನ ಸುರುಳಿಗಳನ್ನು ಬಿಸಿಮಾಡಿ ತಟ್ಟೆಗೆ ಹಾಕಿಕೊಟ್ಟಳು. ಆಮೇಲೆ ಕಿಟಕಿಯ ಹತ್ತಿರ ಕೂತು ಸೊಪ್ಪು ಬಿಡಿಸತೊಡಗಿದಳು. ಮೇಜಿನತ್ತ ನೋಡಲಿಲ್ಲ.

ಆಟ ಕೊನೆಯದಾದ ಒಂಬತ್ತನೆಯ ಇನಿಂಗ್ಸಿಗೆ ಬಂತು. ಇರ್ಮಾ ಎರಡು ರನ್ ಮುಂದಿದ್ದಳು. ವರ್ನ್‌ನ ತಂಡಕ್ಕೆ ಇನ್ನೊಂದು ಔಟ್ ಮಾತ್ರ ಬಾಕಿ. ಅವನು ಕಾರ್ಡುಗಳ ಕಟ್ಟಿನಿಂದ ಒಂದನ್ನು ತೆಗೆದು ಮೇಜಿನ ನಡುವೆ ಇಟ್ಟ. ಲಯೋಶ್ ಮೋಲ್ನಾರ್.

ಇರ್ಮಾಳ ಪಿಚರ್ ಮೊದಲಿನಿಂದಲೂ ಎಸೆಯುತ್ತ ಬಂದವನು, ದಣಿದಿದ್ದ. ಪಿಚರ್ ದಣಿದರೆ ಅವನ ಕಾರ್ಡಿನಲ್ಲಿ ಚುಕ್ಕೆ ಇಟ್ಟ ಸಾಲುಗಳೆಲ್ಲ ಹಿಟ್ ಆಗಿಬಿಡುತ್ತವೆ. ವರ್ನ್ ದನಿ ತಗ್ಗಿಸಿದ. “ನಿಮ್ಮಪ್ಪನ ಈ ಸರದೀನ ಇವತ್ತಿಗೇ ಅಂತ ಉಳಿಸಿಕೊಂಡಿದ್ದೆ. ದಣಿದವನೇ ಎಸೀಲಿ ಬಿಡೇ. ಯಾರು ಕೇಳ್ತಾರೆ? ಕಪ್ಪಂತೂ ಹೋಗಿದೆ. ಈ ಆಟ ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ.”

ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಆ ಚಳಿಗಾಲದುದ್ದಕ್ಕೂ ಅವನ ಮೇಲೆ ಹೊತ್ತಿಕೊಂಡಿದ್ದ ಸಿಟ್ಟು ಅವಳಲ್ಲಿ ತಣ್ಣಗಾಯಿತು. ದಣಿದವನ ಕಾರ್ಡನ್ನು ನೋಡಿದಳು. ಚುಕ್ಕೆಗಳು ಬೇಕಾದಷ್ಟಿದ್ದವು. ಅಲ್ಲೇ ಕೈಗೆಟುಕುವಂತೆ ಇತ್ತು ಅವಳು ಕೇಳಿದ್ದು. ಯಾರೂ ತಪ್ಪೆನ್ನುವಂತಿರಲಿಲ್ಲ, ಆಟದ ಕಟ್ಟಳೆಯೂ ಮುರಿಯುತ್ತಿರಲಿಲ್ಲ. ಆದರೆ ಅವಳಿಗೆ ಮುಂದೆ ಬಂದು ನಿಂತ ಆ ಹುಡುಗರು ಕಂಡರು. ಇವನೇನು ಮಾಡಿಯಾನು ಎಂದು ದಣಿದವನನ್ನೇ ಬಿಡುವುದೂ ಅಂಥ ನಾಲ್ಕು ಹೆಜ್ಜೆಯೇ. ಡ್ರಾಫ್ಟಿನ ದಿನ ಅವಳು ಒಮ್ಮೆ ಹಾಗೆ ಮುಂದೆ ಬಂದು ನಿಂತಾಗಿತ್ತು. ಅಪ್ಪನಿಗೆ ಹೆದರಿ, ಪಿಚರನನ್ನು ಬದಲಿಸಲು ಎದುರಿನ ಮ್ಯಾನೇಜರ್ ಒಮ್ಮೆಯಾದರೂ ಬೆಂಚಿನಿಂದ ಎದ್ದು ಬಂದಿದ್ದನೇ? ಇಲ್ಲ.

ಅವಳು ದಣಿದವನ ಕಾರ್ಡನ್ನು ಪಕ್ಕಕ್ಕಿಟ್ಟು ಹಾಲಿಸ್‌ನ ಕಾರ್ಡನ್ನು ಇಟ್ಟಳು.

“ಇರ್ಮಾ!” ವರ್ನ್ ನಂಬಲಿಲ್ಲ. “ಹಾಲಿಸ್‌ನ ಕಾರ್ಡಲ್ಲಿ ಹಿಟ್ ಎಷ್ಟು ಕಮ್ಮಿ ಅಂತ ನಿಂಗೊತ್ತಲ್ಲ?”

“ಎದುರಿಗೆ ಬ್ಯಾಟುಗಾರ ನಿಂತಿದಾನೆ ವರ್ನ್. ಪಿಚರ್ ಬದಲಾಯಿಸ್ತಿದೀನಿ.”

ಅವನು ದಾಳಗಳನ್ನು ಅವಳತ್ತ ತಳ್ಳಿದ. “ಸರಿ, ನೀನೇ ಹಾಕು.”

“ನಿನ್ನ ಆಟಗಾರ. ನೀನೇ ಹಾಕಬೇಕು.”

ವರ್ನ್ ಹಾಕಿದ. ಬಿಳಿಯ ದಾಳ ಉಪ್ಪಿನ ಡಬ್ಬಿಗೆ ತಾಗಿ ನಿಂತಿತು. ಐದು. ಪಿಚರನ ಕಾರ್ಡು. ಕೆಂಪು ದಾಳಗಳು ಸೇರಿ ಎಂಟು. ಹಾಲಿಸ್‌ನ ಎಂಟನೆಯ ಸಾಲಿನ ಮೇಲೆ ಬೆರಳಿಟ್ಟು ಅವಳೇ ಓದಿದಳು. ಚೆಂಡು ಎತ್ತರಕ್ಕೆ, ಎಡ ಮೈದಾನದ ದೂರದ ಅಂಚಿಗೆ. ಹಿಡಿದರು.

ಆಟ ಮುಗಿದಿತ್ತು.

ವರ್ನ್‌ನ ಕೈ, ಇಂಥ ಆಟ ಆಡುವವರೆಲ್ಲರ ಕೈ ಹೋಗುವಂತೆಯೇ, ಪಕ್ಕಕ್ಕಿಟ್ಟ ಕಾರ್ಡಿನ ಕಡೆ ಹೋಯಿತು. ಅಲ್ಲಿ ಎಂಟನೆಯ ಸಾಲಿಗೆ ಚುಕ್ಕೆ ಇತ್ತೇ? ಇರ್ಮಾ ತನ್ನ ಅಂಗೈಯನ್ನು ಆ ಕಾರ್ಡಿನ ಮೇಲೆ ಇಟ್ಟುಬಿಟ್ಟಳು.

“ಬೇಡ.”

“ಸುಮ್ನೆ ನೋಡೋದಕ್ಕೆ...”

“ಬೇಡ ವರ್ನ್.”

ಅವನು ಕೈ ಹಿಂತೆಗೆದುಕೊಂಡ. ಅವಳ ಅಂಗೈ ಅಲ್ಲೇ ಇತ್ತು. ಬಹಳ ದಿನಗಳಿಂದ ಅಳೆಯುತ್ತ ಬಂದಿದ್ದ ಏನನ್ನೋ ಅಳೆಯದೆ ಬಿಟ್ಟಂತೆ ಅವಳಿಗೆ ಹಗುರವಾಗಿತ್ತು.

ಕಿಟಕಿಯ ಹತ್ತಿರದಿಂದ ಎಟೆಲ್ ಕೇಳಿದಳು, “ಮುಗೀತಾ?”

“ಮುಗೀತಮ್ಮ. ಔಟ್.”

ಸೊಪ್ಪು ಬಿಡಿಸುವ ಕೈ ನಿಂತಿತು. “ಯಾರು ಎಸೆದದ್ದು?”

ಈ ಆಟದ ಬಗ್ಗೆ ಅವಳು ತಾನಾಗಿ ಏನನ್ನಾದರೂ ಕೇಳಿದ್ದನ್ನು ಇರ್ಮಾ ಕಂಡಿರಲಿಲ್ಲ. “ಹಾಲಿಸ್,” ಎಂದಳು. “ಲಯೋಶ್ ಬಂದ ಅಂತ ಅವನನ್ನ ಕರೆಸಬೇಕಾಯ್ತು.”

“ಒಳ್ಳೆಯವನಾ?”

“ನನ್ನ ಹತ್ರ ಇರೋರಲ್ಲೆಲ್ಲ ಒಳ್ಳೆಯವನು.”

ಎಟೆಲ್ ಕಿಟಕಿಯ ಹೊರಗೆ ನೋಡುತ್ತ ಎರಡು ಮೂರು ಸಲ ತಲೆಯಾಡಿಸಿದಳು. “ಹಾಗಾದ್ರೆ ಸರಿ,” ಎಂದಳು.