ಬಾವಿಯ ಹತ್ತಿರ ನಿಲ್ಲುವ ಮೋಟಾರು

ಕಾಸಿಮಸಾಬ ಹ್ಯಾಂಡಲ್ ಹಾಕಿ ಮತ್ತೊಮ್ಮೆ ಜೋರಾಗಿ ತಿರುವಿದ. ಮೋಟಾರು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಹಿಂದಿನ ಸೀಟಿನಲ್ಲಿ ಗಂಡನ ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಸತ್ಯವ್ವ ಕಿಟಕಿಯಾಚೆ ನೋಡಿದಳು. ಒಂದು ಬೇವಿನ ಮರ, ಅದರ ಹಿಂದೆ ಬಾವಿ, ಬಾವಿಯ ಮಗ್ಗುಲಿಗೆ ಮಣ್ಣಿನ ಮಾಳಿಗೆಯ ಸಣ್ಣ ಮನೆ. ಈ ದಾರಿಯಲ್ಲಿ ಹಾಯುವಾಗೆಲ್ಲ ಅವಳು ಇಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಇದು ರುದ್ರವ್ವನ ಬಾವಿ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಕ್ಕ ಮಾಳವ್ವ ಹೆಣದ ಕಾಲುಗಳನ್ನು ತನ್ನ ತೊಡೆಯ ಮೇಲೆ ಸರಿಮಾಡಿಕೊಂಡಳು.

"ನೋಡಬೇ ತಂಗಿ. ಸತ್ತ ಮ್ಯಾಲೂ ಇಲ್ಲೇ ನಿಂದ್ರಿಸ್ಯಾನ."

ಸತ್ಯವ್ವನ ಗಂಡ ಧೂಳಪ್ಪ ಬೆಳಗಿನ ಜಾವ ವಿಜಾಪುರದ ದವಾಖಾನೆಯಲ್ಲಿ ತೀರಿಕೊಂಡಿದ್ದ. ಕಳ್ಳಕವಟಗಿಯಲ್ಲಿ ಕುಣಿ ತೋಡಿಸಿ ಬಳಗದವರು ಕಾಯುತ್ತಿದ್ದರು. ಅವನು ಇಷ್ಟು ವರ್ಷ ಓಡಿಸಿದ ಬಾಡಿಗೆ ಮೋಟಾರನ್ನೇ ಮಾಲಕರು ಹೆಣ ಒಯ್ಯಲು ಕೊಟ್ಟಿದ್ದರು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮೋಟಾರು ರಿಪೇರಿ ಮಾಡುವ ಕಾಸಿಮಸಾಬ, ಗೆಳೆಯನ ಕಡೆಯ ಸವಾರಿ ತಾನೇ ಮಾಡುತ್ತೇನೆಂದು ಹಟ ಹಿಡಿದು ಬಂದಿದ್ದ.

ಬೆಳಗಿನಿಂದ ಸತ್ಯವ್ವನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ದವಾಖಾನೆಯ ನರ್ಸಬಾಯಿಯೂ ಅದನ್ನು ನೋಡಿ ಹುಬ್ಬೇರಿಸಿದ್ದಳು. ಅಳು ಎದೆಯತನಕ ಬರುತ್ತಿತ್ತು, ಅಲ್ಲಿ ಹಳೆಯ ಸಿಟ್ಟು ಅಡ್ಡ ನಿಲ್ಲುತ್ತಿತ್ತು. ಈ ಮನುಷ್ಯ ತನಗೆ ಸುಳ್ಳು ಹೇಳಿದ್ದನೋ ಇಲ್ಲವೋ, ಅಷ್ಟು ಗೊತ್ತಾಗದೆ ಅವನ ಮೇಲೆ ಮಣ್ಣು ಹಾಕುವುದು ಹೇಗೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

*

ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಧೂಳಪ್ಪ ಆ ಮೋಟಾರಿನ ಡ್ರೈವರಾದ. ಬೆಳಿಗ್ಗೆ ಕಳ್ಳಕವಟಗಿಯಿಂದ ತಿಕೋಟಾದ ಮೇಲೆ ವಿಜಾಪುರಕ್ಕೆ ಜನರನ್ನು ಒಯ್ಯುವುದು, ಸಂಜೆ ತಿರುಗಿ ಕರೆತರುವುದು. ಊರಲ್ಲಿ ಅವನ ಗತ್ತೇ ಗತ್ತು. ಮೊದಮೊದಲು ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಆಮೇಲೆ ಆಗಾಗ ತಡವಾಗತೊಡಗಿತು. ಕೇಳಿದರೆ ಒಂದೇ ಉತ್ತರ: ಗಾಡಿ ನಿಂತಿತ್ತು. ಎಲ್ಲಿ ಎಂದರೆ, ತಿಕೋಟಾದ ಆಚೆಗೆ, ಬಾವಿಯ ಹತ್ತಿರ.

ಬಾವಿಯ ಮನೆಯ ರುದ್ರವ್ವ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬಬಲೇಶ್ವರಕ್ಕೆ ಕೊಟ್ಟಿದ್ದ ಮಾಳವ್ವ ಒಮ್ಮೆ ಕಳ್ಳಕವಟಗಿಗೆ ಬಂದಾಗ, ಈ ಸುದ್ದಿ ಬಬಲೇಶ್ವರದ ಸಂತೆಯತನಕ ಬಂದಿದೆ ಎಂದು ತಂಗಿಯ ಕಿವಿಯಲ್ಲಿ ಊದಿದಳು. ಹತ್ತಾರು ಮೈಲಿಯ ದಾರಿಯಲ್ಲಿ ಒಂದು ಯಂತ್ರಕ್ಕೆ ಒಂದೇ ಮನೆಯ ಮುಂದೆ ಹೇಗೆ ರೋಗ ಬರುತ್ತದೆ ಎಂದು ಮಾಳವ್ವ ಕೇಳಿದ ಪ್ರಶ್ನೆ ಸತ್ಯವ್ವನ ಮನಸ್ಸಿನಲ್ಲಿ ನಟ್ಟುಕೊಂಡಿತು.

ಧೂಳಪ್ಪ ಗಾಡಿಯನ್ನು ಕಾಸಿಮಸಾಬನಿಗೆ ತೋರಿಸಿದ. ಕಾಸಿಮಸಾಬ ಪ್ಲಗ್ ಒರೆಸಿದ, ಪಂಪು ಬಿಚ್ಚಿ ಕಟ್ಟಿದ, ಹತ್ತಿರದ ಭೂತನಾಳ ಕೆರೆಯತನಕ ಓಡಿಸಿ ತಿರುಗಿ ಬಂದ. ಮೋಟಾರು ಕುದುರೆಯ ಹಾಗೆ ಓಡಿತು. ಏನೂ ಆಗಿಲ್ಲ ಎಂದು ಹೇಳಿ, ಗೆಳೆಯನ ಮುಖ ನೋಡಿ ಮೀಸೆಯಲ್ಲೇ ನಕ್ಕ. ಆ ನಗೆ ಧೂಳಪ್ಪನಿಗೆ ಚುಚ್ಚಿತು. ಮನೆಗೆ ಬಂದು ಹೆಂಡತಿಗೆ, "ನಾಳಿ ನೀನೂ ಬಾ. ಕಣ್ಣಾರೆ ನೋಡಿಬಿಡು," ಎಂದ. ಸತ್ಯವ್ವ ಹೋಗಲಿಲ್ಲ. ಹೋಗಿ, ನಿಜವೇ ಆಗಿಬಿಟ್ಟರೆ ಏನು ಮಾಡುವುದೆಂಬ ಹೆದರಿಕೆ ಅವಳಿಗೆ.

ಜಗಳ ಮಾಡುವ ಹೆಂಗಸಲ್ಲ ಅವಳು. ರೊಟ್ಟಿ ಬಡಿದು ಹಾಕುತ್ತಿದ್ದಳು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆದರೆ ಲೆಕ್ಕ ಮಾತ್ರ ಮನಸ್ಸಿನಲ್ಲೇ ಇಟ್ಟಳು. ಅವನಿಗೆ ತಡವಾಗುತ್ತಿದ್ದುದು ಅಮಾವಾಸ್ಯೆಯ ಮಗ್ಗುಲಿಗೆ. ಅಮಾವಾಸ್ಯೆ ಕಳೆದು ಕೆಲವು ದಿನ ಗಾಡಿ ನಿಲ್ಲುವುದು, ಆಮೇಲೆ ತಾನೇ ನೆಟ್ಟಗಾಗುವುದು. ಹುಣ್ಣಿಮೆಯ ಬೆಳಕಿನಲ್ಲಿ ಜನ ನೋಡುತ್ತಾರೆ, ಕತ್ತಲಿದ್ದಾಗ ಹೋಗುತ್ತಾನೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

*

ರುದ್ರವ್ವ ಕೊಡ ಹೊತ್ತು ರಸ್ತೆಗೆ ಬಂದಳು. ಮೋಟಾರು ನಿಂತದ್ದು ಕಂಡು ರೂಢಿಯಂತೆ ನೀರು ತಂದಿದ್ದಳು. ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಕಂಡದ್ದೇ ಕೊಡ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದಳು. ಕೂದಲು ಅರ್ಧ ಬೆಳ್ಳಗಾದ, ಬಿಸಿಲಿಗೆ ಕರಕಾದ ಹೆಂಗಸು. ಸತ್ಯವ್ವ ಇಷ್ಟು ವರ್ಷ ಮನಸ್ಸಿನಲ್ಲಿ ಕಂಡವಳು ಇವಳಾಗಿರಲಿಲ್ಲ.

ಮಾಳವ್ವ ಸುಮ್ಮನಿರುವವಳಲ್ಲ. ಒಳಗೆ ಬಂದು ಮುಖ ನೋಡಿಕೋ, ನಿನ್ನ ಪಾಲೂ ಇದೆಯಲ್ಲ ಎಂದಳು. ರುದ್ರವ್ವ ಆ ಮಾತಿಗೆ ಸಿಟ್ಟಾಗಲಿಲ್ಲ. ರಸ್ತೆಯ ಆಚೆ ಬದಿಗೆ, ನೆರಳಿಲ್ಲದ ಕಡೆ ಬಿದ್ದಿದ್ದ ಒಂದು ಕಲ್ಲನ್ನು ಸತ್ಯವ್ವನಿಗೆ ತೋರಿಸಿದಳು.

"ಅಲ್ಲಿ ಕುಂಡ್ರತಿದ್ದ ಯವ್ವಾ. ಗಿಡದ ನೆಳ್ಳಿಗೆ ಬಾ ಅಂದ್ರೂ ಬರತಿರಲಿಲ್ಲ. ಮನ್ಯಾಗ ಸಂಶೇ ಮಾಡ್ತಾಳ, ಕೊಡ ಅಲ್ಲೇ ಇಟ್ಟು ಹೋಗು ಅಂತಿದ್ದ."

ಸತ್ಯವ್ವ ಕಲ್ಲನ್ನು ನೋಡಿದಳು. ನಂಬಬೇಕೆಂದು ಬಹಳ ಆಸೆಯಾಯಿತು. ಆದರೆ ಇವಳು ಇದನ್ನಲ್ಲದೆ ಇನ್ನೇನು ಹೇಳಿಯಾಳು ಎಂದು ಮತ್ತೆ ಅದೇ ಸಿಟ್ಟು ಅಡ್ಡ ಬಂತು.

ಅಷ್ಟರಲ್ಲಿ ಕಾಸಿಮಸಾಬ ಬಾನೆಟ್ಟಿನ ಕೆಳಗಿನಿಂದ ತಲೆ ಎತ್ತಿದ. ಪ್ಲಗ್ಗಿನಲ್ಲಿ ಕಿಡಿ ಇದೆ, ಪಂಪು ಎಳೆಯುತ್ತದೆ, ಪೆಟ್ರೋಲು ಮಾತ್ರ ಮುಂದಕ್ಕೆ ಬರುತ್ತಿಲ್ಲ. ವಿಜಾಪುರ ಬಿಡುವಾಗ ತಾನೇ ಟಾಕಿ ತುಂಬಿಸಿದ್ದೆ ಎಂದು ಗೊಣಗಿದ. ಗೆಳೆಯ ಹೇಳುತ್ತಿದ್ದುದು ಅಕ್ಷರಶಃ ಇದನ್ನೇ ಎಂಬುದು ಈಗ ಅವನಿಗೆ ನೆನಪಾದಂತಿತ್ತು. ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಬಂದ.

"ವೈನಿ, ಇದು ಯಾವಾಗ ಯಾವಾಗ ನಿಂದ್ರತಿತ್ತು, ಏನರ ಖೂನ ಗುರ್ತು ಐತ್ಯಾ?"

ಸತ್ಯವ್ವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು. ಆದರೆ ಆ ಮಾತನ್ನು ಅವಳು ಗಂಡನಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಣದ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು.

"ಅಮಾಸಿ ಆದ ಮ್ಯಾಲ, ಕಾಸಿಮಣ್ಣ. ಆರೆಂಟು ದಿನ."

ಕಾಸಿಮಸಾಬ ನಕ್ಕುಬಿಡುವವನಿದ್ದ, ನಗಲಿಲ್ಲ. ಇಂಜಿನ್ನು ಪಂಚಾಂಗ ನೋಡುವುದಿಲ್ಲ. ಅಮಾವಾಸ್ಯೆ ದಿನ ಗಾಡಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಎಲ್ಲರೂ ಮಾಡುವುದೇ, ಪೂಜೆ, ಎಂದಳು ಸತ್ಯವ್ವ.

*

ಮೊದಲ ಅಮಾವಾಸ್ಯೆಗೆ ಧೂಳಪ್ಪ ಮೋಟಾರನ್ನು ಮನೆಯ ಮುಂದೆ ನಿಲ್ಲಿಸಿ, ಸತ್ಯವ್ವನ ಕೈಯಿಂದಲೇ ಪೂಜೆಯಾಗಬೇಕು ಎಂದಿದ್ದ. ಅವಳು ನೀರು ಹಾಕಿದಳು, ಊದಿನಕಡ್ಡಿ ಹಚ್ಚಿದಳು, ಕಾಯಿ ಒಡೆದಳು. ಕುಂಕುಮ ಮಾತ್ರ ತಗಡಿಗೆ ನಿಲ್ಲಲೊಲ್ಲದು, ಗಾಳಿಗೆ ಹಾರಿಹೋಗುತ್ತಿತ್ತು. ಒಳಗೆ ಹೋಗಿ ತನ್ನ ಮೇಣದ ಡಬ್ಬಿ ತಂದಳು. ತಾನು ಹಣೆಗೆ ಹಚ್ಚಿಕೊಳ್ಳುವಂತೆಯೇ ಮೊದಲು ಮೇಣ ಒತ್ತಿ, ಅದರ ಮೇಲೆ ಕುಂಕುಮ ಇಟ್ಟಳು. ಎಲ್ಲಿ ಇಡುವುದೆಂದು ಹುಡುಕಿದಾಗ, ಗಾಡಿ ಅನ್ನ ಉಣ್ಣುವ ಬಾಯಿ ಇದೇ ಎಂದು ಅವನೇ ಪೆಟ್ರೋಲಿನ ಟಾಕಿಯ ದುಂಡು ಮುಚ್ಚಳ ತೋರಿಸಿದ್ದ. ನಟ್ಟನಡುವೆ ಇಟ್ಟರೆ ಚೆಂದ ಕಾಣುತ್ತದೆಂದು ಅವಳು ನಟ್ಟನಡುವೆ ಇಟ್ಟಳು.

"ಈಗ ನೋಡು, ಮುತ್ತೈದಿ ಆದಳು," ಎಂದು ಅವನು ಬಹಳ ಖುಷಿಪಟ್ಟಿದ್ದ.

ಅಂದಿನಿಂದ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ. ಮೊನ್ನೆ ಅಮಾವಾಸ್ಯೆಗೂ, ಜ್ವರದಲ್ಲಿ ನರಳುವ ಅವನನ್ನು ಇದೇ ಮೋಟಾರಿನಲ್ಲಿ ಮಲಗಿಸುವ ಮುಂಚೆ, ಗುಣವಾಗಿ ಬರಲಿ ಎಂದು ಮೇಣ ಒತ್ತಿ ಕುಂಕುಮ ಹಚ್ಚಿದ್ದಳು.

*

ಕಾಸಿಮಸಾಬ ಗಾಡಿಯ ಹಿಂದಕ್ಕೆ ಹೋದ. ಮುಚ್ಚಳ ಹಿಡಿದು ತಿರುವಿದ. ಒಳಗೆ ಗಾಳಿ ನುಗ್ಗುವ ಸದ್ದು ಸುಸ್ಸೆಂದು ಎಲ್ಲರಿಗೂ ಕೇಳಿಸಿತು. ಮುಚ್ಚಳ ತೆರೆದಿಟ್ಟೇ ಮುಂದೆ ಬಂದು ಹ್ಯಾಂಡಲ್ ತಿರುವಿದ. ಒಂದೇ ತಿರುವಿಗೆ ಮೋಟಾರು ಚಾಲೂ ಆಯಿತು.

ಅವನು ಮುಚ್ಚಳ ತಂದು ಸತ್ಯವ್ವನ ಮುಂದೆ ಹಿಡಿದ. ನಡುವೆ ಕೆಂಪು ಬೊಟ್ಟು. ತಾಳಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಅವಳೇ ಅದನ್ನು ಎಬ್ಬಿಸಿದಳು. ಅಡಿಯಲ್ಲಿ ಸಾಸಿವೆ ಹೋಗುವಷ್ಟು ಒಂದು ತೂತು.

"ಎಣ್ಣಿ ಡಬ್ಬಿಗೆ ಒಂದ ತೂತ ಹೊಡದ್ರ ಎಣ್ಣಿ ಬರಂಗಿಲ್ಲ ನೋಡ್ರಿ ವೈನಿ, ಗಾಳಿಗೆ ಇನ್ನೊಂದು ಬೇಕು. ಇದು ಗಾಳಿ ತೂತು. ಇದನ್ನ ಮುಚ್ಚಿ ಟಾಕಿ ತುಂಬಿಸಿ ವಿಜಾಪುರ ಬಿಟ್ರ, ಇಲ್ಲಿಗೆ ಬರೂದ್ರಾಗ ಉಸಿರು ಕಟ್ಟತೈತಿ. ಮುಂಜಾನೆ ಟಾಕಿ ಅರ್ಧ ಖಾಲಿ, ಒಳಗಿನ ಗಾಳೀನ ಸಾಕಾಗತೈತಿ. ಈ ಬಾವಿ ಇಲ್ಲದಿದ್ರೂ ಇಲ್ಲೇ ನಿಂದ್ರತಿತ್ತು."

ಉಳಿದದ್ದನ್ನು ಅವನು ತನ್ನಷ್ಟಕ್ಕೇ ಎಂಬಂತೆ ಹೇಳಿಕೊಂಡ. ಧೂಳಪ್ಪ ಎಲ್ಲಾ ನೋಡಿ ಕಡೆಗೆ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ಕಡ್ಡಿ ಇಳಿಸುತ್ತಿದ್ದ, ಅಷ್ಟರಲ್ಲಿ ಗಾಳಿ ಹೊಕ್ಕುಬಿಡುತ್ತಿತ್ತು. ಬಿಸಿಲಿಗೆ ಮೇಣ ಕರಗಿ ಉದುರಿದ ಮೇಲೆ ರೋಗವೇ ಇಲ್ಲ. ಮುಚ್ಚಳವನ್ನು ಅಂಚು ಹಿಡಿದು ತಿರುಗಿಸಬೇಕೆಂದು, ಹೆಂಡತಿ ಇಟ್ಟ ಬೊಟ್ಟು ಅಳಿಯಬಾರದೆಂದು ಪೆಟ್ರೋಲು ಹಾಕುವವನ ಜೊತೆ ಜಗಳವಾಡುತ್ತಿದ್ದ ಮನುಷ್ಯ. ಕಾಸಿಮಸಾಬ ಕಿಟಕಿಯೊಳಗೆ ಬಗ್ಗಿ ಗೆಳೆಯನ ಕಾಲು ಮುಟ್ಟಿದ.

ಮಾಳವ್ವ ಬಾಯಿ ತೆರೆದುಕೊಂಡು ಕುಳಿತಿದ್ದಳು.

"ಅಂದ್ರ ಇಷ್ಟು ವರ್ಷ ಗಾಡಿ ನಿಂದ್ರಿಸಿದಾಕಿ ನೀನ ಏನಬೇ?"

"ಹೌದಬೇ ಅಕ್ಕಾ," ಎಂದಳು ಸತ್ಯವ್ವ. "ನಾನ ನಿಂದ್ರಿಸೇನಿ. ಅಂವ ನಿಂದ್ರಿಸಿಲ್ಲ."

ಹೇಳುತ್ತಿದ್ದಂತೆ ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಬೆಳಗಿನಿಂದ ಬಾರದ ಅಳು, ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ನುಂಗಿದ ಅಳು, ಎಲ್ಲಾ ಒಟ್ಟಿಗೆ ಬಂತು. ಗಂಡನ ಹಣೆಗೆ ಹಣೆಯಿಟ್ಟು ಮನಸಾರೆ ಅತ್ತಳು. ಅವನ ಜೊತೆ ಬರಬೇಕಾಗಿತ್ತು, ಒಂದೇ ಒಂದು ದಿನ ಬರಬೇಕಾಗಿತ್ತು ಎಂದು ಹಲುಬಿದಳು. ಅತ್ತು ಮುಗಿದಾಗ ಜೀವ ಹಗುರಾಗಿತ್ತು. ಸತ್ತವನು ತನ್ನ ಗಂಡ, ಇನ್ನಾರವನೂ ಅಲ್ಲ. ಅಳುವುದಕ್ಕೆ ತನಗೆ ಪೂರ್ತಿ ಹಕ್ಕಿದೆ.

ಮೇಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕೊಡ ಎತ್ತಿಕೊಳ್ಳುತ್ತಿದ್ದ ರುದ್ರವ್ವನನ್ನು ಕರೆದಳು.

"ಮುಂದ ಜಾಗಾ ಐತಿ. ಹತ್ತಬೇ, ಮಣ್ಣಿಗೆ ಹೋಗೂಣು."

ಮೋಟಾರು ತಿಕೋಟಾ ದಾಟಿತು. ಆಚೆಗಿನ ಏರು ಹತ್ತಿತು. ಎಲ್ಲೂ ನಿಲ್ಲಲಿಲ್ಲ.

*

ಹೆಣವನ್ನು ಕುಣಿಯೊಳಗೆ ಇಳಿಸಿ ಆಗಿತ್ತು. ರುದ್ರವ್ವ ದೂರ ನಿಂತದ್ದನ್ನು ಕಂಡು ಬಳಗದ ಹೆಂಗಸರು ಪಿಸುಗುಟ್ಟಿದರು. ಅವರನ್ನು ಗದರಿ ಸುಮ್ಮನಾಗಿಸಿದವಳು ಮಾಳವ್ವನೇ. ರುದ್ರವ್ವನ ಕೈಹಿಡಿದು ತಂದು, ಒಂದು ಹಿಡಿ ಮಣ್ಣು ಕೊಡಿಸಿದಳು.

ಆಮೇಲೆ ತಂಗಿಯ ಹಣೆಯ ಕುಂಕುಮ ಒರೆಸುವ ಕೆಲಸವೂ ಅವಳ ಪಾಲಿಗೇ ಬಂತು. ಸೆರಗಿನಿಂದ ಒರೆಸಿದರೆ ಹೋಗಲಿಲ್ಲ. ಅಡಿಯಲ್ಲಿ ಮೇಣವಿತ್ತು, ಉಗುರಿನಿಂದ ಕೆರೆಯಬೇಕಾಯಿತು. ಕೆರೆದದ್ದನ್ನು ಎಸೆಯಹೋದಾಗ ಸತ್ಯವ್ವ ಅಂಗೈ ಚಾಚಿದಳು. ಸೆರಗಿನ ಗಂಟು ಬಿಚ್ಚಿ ಮುಚ್ಚಳದ ಮೇಣವನ್ನೂ ತೆಗೆದಳು. ಎರಡನ್ನೂ ಬೆರಳುಗಳ ನಡುವೆ ಹೊಸೆದು ಒಂದೇ ಗುಂಡು ಮಾಡಿ, ಹಿಡಿ ಮಣ್ಣಿನ ಜೊತೆ ಕುಣಿಯೊಳಗೆ ಬಿಟ್ಟಳು.

ದಾರಿಯ ಮೇಲೆ ಕಾಸಿಮಸಾಬ ಬಂದ್ ಮಾಡದೆ ಬಿಟ್ಟು ಬಂದಿದ್ದ ಮೋಟಾರು ಒಂದೇ ಸಮನೆ ನಡೆಯುತ್ತಿತ್ತು. ಅದನ್ನು ಬಂದ್ ಮಾಡು ಎಂದು ಯಾರೂ ಹೇಳಲಿಲ್ಲ.