ಇನ್ನೊಂದು ಸಲ ಕೇಳಿ

ನಾಲ್ಕು ಜನರೆದುರು ಗಂಡನ ಮಾತಿಗೆ ಎದುರು ಹೇಳದಿರುವುದು ಅನಸೂಯಮ್ಮನಿಗೆ ಮದುವೆಯಾದಾಗಿನಿಂದ ಬಂದ ಅಭ್ಯಾಸ. ಅದು ತಪ್ಪಿದ್ದು ಅಮೆರಿಕದ ಐಸೆಲಿನ್‌ನಲ್ಲಿ, ಕಂಪ್ಯೂಟರುಗಳ ವೈ-ಟೂ-ಕೆ ಗಲಾಟೆಗೆ ಸಿಕ್ಕಿ ಮಕ್ಕಳೆಲ್ಲ ಆಫೀಸಿನಲ್ಲೇ ಬಿಡಾರ ಹೂಡಿದ್ದ ವರ್ಷ, ಲಿಂಡೆನ್ ಹೌಸ್‌ನ ಮೀಟಿಂಗಿನಲ್ಲಿ.

ಲಿಂಡೆನ್ ಹೌಸ್ ಅಂದರೆ ಹೌಸಿಂಗ್ ಅಥಾರಿಟಿಯವರು ವಯಸ್ಸಾದವರಿಗೆ ಕಡಿಮೆ ಬಾಡಿಗೆಗೆ ಕೊಡುವ ನಾಲ್ಕು ಮಹಡಿಯ ಕಟ್ಟಡ. ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗಳು ಹತ್ತಿರವಿದ್ದದ್ದರಿಂದ ಅಲ್ಲಿ ಗುಜರಾತಿಗಳಿದ್ದರು, ತೆಲುಗರಿದ್ದರು, ಕನ್ನಡದ ನಾಲ್ಕಾರು ಮನೆಗಳೂ ಇದ್ದವು. ಪಾಪ, ಮಕ್ಕಳು ಹೊರಗೆ ಹಾಕಿರಬೇಕು ಎಂದು ಮರುಗುವವರು ಮರುಗಿಕೊಳ್ಳಲಿ. ಮಕ್ಕಳ ದೊಡ್ಡ ಮನೆಯಲ್ಲಿ ಹಗಲೆಲ್ಲ ಕಿಟಕಿಯಿಂದ ಹುಲ್ಲು ನೋಡಿಕೊಂಡು ಕೂರುವ ಬದಲು ಇಲ್ಲಿಯಾದರೆ ಮನುಷ್ಯರ ಮುಖ ಕಾಣುತ್ತದೆ ಎಂದು ತಾವೇ ಹಟ ಹಿಡಿದು ಬಂದವರೇ ಹೆಚ್ಚು.

ಮೂರನೇ ಮಹಡಿಯಲ್ಲಿ ಅನಸೂಯಮ್ಮ ಮತ್ತು ಅವರ ಗಂಡ ಬದರೀನಾಥರ ಪಕ್ಕದ ಮನೆಯೇ ಚಿಕ್ಕತಾಯಮ್ಮನದು. ಮಂಡ್ಯದ ಕಡೆಯವರು. ಗಂಡ ಬೋರಲಿಂಗಯ್ಯ ಹಿಂದಿನ ವರ್ಷ ತೀರಿಕೊಂಡಿದ್ದರು. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದ ಮಗ ನವನೀತ್ ಭಾನುವಾರ ತಪ್ಪದೆ ಬಂದು ಹೋಗುತ್ತಿದ್ದ. ಮೈಸೂರಿನ ಅಗ್ರಹಾರದ ಅನಸೂಯಮ್ಮನೂ ಈಕೆಯೂ ಊರಿನಲ್ಲಿದ್ದಿದ್ದರೆ ಪರಿಚಯವಾಗುವುದೇ ಕಷ್ಟವಿತ್ತು. ಇಲ್ಲಿ ಆ ಮನೆಯ ಹುಳಿ ಈ ಮನೆಯ ಮುದ್ದೆಗೆ ಆಗುತ್ತಿತ್ತು.

ಒಮ್ಮೆ ಲಿಫ್ಟು ನಡುವೆ ನಿಂತು ಚಿಕ್ಕತಾಯಮ್ಮ ಒಬ್ಬರೇ ಕತ್ತಲಲ್ಲಿ ಸಿಕ್ಕಿಕೊಂಡಿದ್ದರು. ಅವತ್ತಿನಿಂದ ಒಬ್ಬರೇ ಅದರೊಳಗೆ ಕಾಲಿಡಲೊಲ್ಲರು. ಮೆಟ್ಟಿಲು ಇಳಿಯಲು ಮಂಡಿನೋವು ಬಿಡದು. ಹಾಗಾಗಿ ದಿನಾ ಸಂಜೆ ಅನಸೂಯಮ್ಮ ಹೋಗಿ ಕದ ತಟ್ಟಿ, ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗುವರು. ಇಬ್ಬರೂ ಬೆಂಚಿನ ಮೇಲೆ ಕೂತು ಹೋಗಿ ಬರುವವರ ಗುಣ ದೋಷಗಳನ್ನೆಲ್ಲ ಸಾವಕಾಶವಾಗಿ ತೂಗುವರು. ಈ ಒಂದು ಗಂಟೆಗಾಗಿ ಅನಸೂಯಮ್ಮ ಬೆಳಗಿನಿಂದ ಕಾಯುತ್ತಿದ್ದರು. ಅವರಿಗೆ ಆ ದೇಶದಲ್ಲಿ ತಮ್ಮದು ಅಂತ ಇದ್ದ ಸ್ನೇಹ ಅದೊಂದೇ.

ಹಾಗಿರುವಾಗ ಅಥಾರಿಟಿಯವರು ಹೊಸ ಯೋಚನೆ ತೆಗೆದರು. ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಹತ್ತಬೇಕಾದಷ್ಟು ದೂರದಲ್ಲಿ, ಒಂದೇ ಅಂತಸ್ತಿನ ಸಾಲುಮನೆಗಳನ್ನು ರಿಪೇರಿ ಮಾಡಿಸಿದ್ದರು. ಲಿಂಡೆನ್ ಹೌಸ್‌ನಲ್ಲಿ ಒಂಟಿಯಾಗಿರುವವರನ್ನು ಅಲ್ಲಿಗೆ ಕಳಿಸಿದರೆ ಇಲ್ಲಿನ ಮನೆಗಳು ದಂಪತಿಗಳಿಗೆ ಸಿಗುತ್ತವೆ. ಆದರೆ ಬಲವಂತವಿಲ್ಲ, ಬೇಡ ಅಂದವರನ್ನು ಕದಲಿಸುವುದಿಲ್ಲ. ಮೊದಲು ಮನೆಮನೆಗೆ ಹೋಗಿ ಕೇಳುವುದು, ಆಮೇಲೆ ಮೀಟಿಂಗು ಕರೆದು ತೀರ್ಮಾನಿಸುವುದು.

ಕೇಳಲು ಬಂದದ್ದು ಮಿಸ್ ರೊಮಾನೊ ಎಂಬ ಹೆಂಗಸು. ಒಳ್ಳೆಯಾಕೆ. ಜೊತೆಗೆ ದುಭಾಷಿಯಾಗಿ ಹೋದವರು ಬದರೀನಾಥರು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರಾದವರು. ಕಟ್ಟಡದ ಇಂಡಿಯನ್ನರಿಗೆಲ್ಲ ತಾನೇ ಬಾಯಿ ಎಂದು ಅವರೂ ನಂಬಿದ್ದರು, ಉಳಿದವರೂ ನಂಬಿದ್ದರು. ರೊಮಾನೊ ಹೋದ ಮನೆಯವರೆಲ್ಲ ಕಾಫಿ ಕುಡಿಸಿದರು, ಕೋಡುಬಳೆ ತಿನ್ನಿಸಿದರು, ಕೇಳಿದ್ದಕ್ಕೆಲ್ಲ ‘ನೋ ಪ್ರಾಬ್ಲಂ’ ಎಂದರು. ಚಿಕ್ಕತಾಯಮ್ಮನೂ, “ಎಲ್ಲಾಕುದ್ರೂ ಇರ್ತೀನಿ ಬುಡಿ, ನಂದೇನು,” ಎಂದರು. ಬದರೀನಾಥರು ಅದನ್ನು ಅಚ್ಚುಕಟ್ಟಾದ ಇಂಗ್ಲಿಷಿಗೆ ತಿರುಗಿಸಿದರು.

“ನೋಡು, ನಮ್ಮವರದ್ದು ಒಂದೂ ಕಂಪ್ಲೇಂಟ್ ಇಲ್ಲ,” ಎಂದು ಮನೆಗೆ ಬಂದು ಹೆಮ್ಮೆಪಟ್ಟರು. “ಚಿಕ್ಕತಾಯಮ್ಮನೂ ಒಪ್ಪಿಬಿಟ್ರು.”

ಅನಸೂಯಮ್ಮ ಒಲೆ ಆರಿಸಿ ಈಚೆ ಬಂದರು. “ಒಪ್ಪಿದ್ರಾ? ಅದು ಒಪ್ಪಿದ್ದು ಅಂತಾರೇನ್ರೀ? ಮೊದಲ ಸಲ ಕೇಳಿದಾಗ ನಮ್ಮಲ್ಲಿ ಯಾರು ಮನಸ್ಸಲ್ಲಿದ್ದದ್ದು ಹೇಳ್ತಾರೆ? ಮದುವೆ ಮನೇಲಿ ಪಾಯಸ ಅಂತ ಬಂದ್ರೆ ನೀವೇ ಎಲೆಗೆ ಕೈ ಅಡ್ಡ ಹಿಡೀತೀರಿ. ಬಡಿಸೋನು ಹಾಗೇ ಮುಂದೆ ಹೋಗಿದ್ರೆ ಗೊತ್ತಾಗ್ತಿತ್ತು ನಿಮ್ಮ ಮುಖ.”

“ಪಾಯಸಕ್ಕೂ ಹೌಸಿಂಗ್ ಅಥಾರಿಟಿಗೂ ಏನೇ ಸಂಬಂಧ?” ಎಂದರು ಬದರೀನಾಥರು. “ಅವರು ಕೇಳಿದ್ರು, ಈಕೆ ಹೇಳಿದ್ರು, ನಾನು ಟ್ರಾನ್ಸ್‌ಲೇಟ್ ಮಾಡ್ದೆ.”

ಮೀಟಿಂಗಿಗೆ ಇನ್ನೂ ಒಂದು ವಾರವಿತ್ತು. ದಿನಾ ಸಂಜೆ ಚಿಕ್ಕತಾಯಮ್ಮ ಪಕ್ಕದಲ್ಲೇ ಕೂತಿರುತ್ತಿದ್ದರು. ಆದರೂ ಅನಸೂಯಮ್ಮ ಆ ಮಾತೆತ್ತಲಿಲ್ಲ. ಅದರಲ್ಲಿ ಕೇಳುವುದೇನಿದೆ, ಅವರ ಮನಸ್ಸು ತನಗೆ ಗೊತ್ತಿಲ್ಲವೇ ಎಂದುಕೊಂಡರು. ಬಾಯಿಲ್ಲದ ಜೀವ, ತಾನೇ ಉಳಿಸಿಕೊಳ್ಳಬೇಕು ಎಂದು ಪಾತ್ರೆ ತೊಳೆಯುವಾಗಲೂ ಒಳಗೊಳಗೇ ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿಕೊಂಡರು.

ಮೀಟಿಂಗಿನ ದಿನ ಕೆಳಗಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಇಂಡಿಯನ್ ನಿವಾಸಿಗಳಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ ಎಂದು ರೊಮಾನೊ ಹೇಳಿದ್ದೇ ತಡ, ಅನಸೂಯಮ್ಮ ಎದ್ದು ನಿಂತರು. ಬದರೀನಾಥರು ಸೆರಗು ಜಗ್ಗಿದರು. ಅನಸೂಯಮ್ಮ ಸೆರಗು ಬಿಡಿಸಿಕೊಂಡರು.

ವ್ಯಾಕರಣವನ್ನು ಗಂಡನಿಗೇ ಬಿಟ್ಟು, ಬಂದ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: ನೀವು ಒಂದೇ ಸಲ ಕೇಳಿದಿರಿ. ನಮ್ಮ ಜನ ಒಂದೇ ಸಲಕ್ಕೆ ನಿಜ ಹೇಳುವುದಿಲ್ಲ. ನಿಮಗೆ ಯಾಕೆ ತೊಂದರೆ ಎಂದು ‘ನೋ ಪ್ರಾಬ್ಲಂ’ ಅನ್ನುತ್ತಾರೆ. ಇನ್ನೊಂದು ಸಲ ಕೇಳಬೇಕು, ಅದರ ಮೇಲೆ ಮತ್ತೊಂದು ಸಲ ಕೇಳಬೇಕು. ಇವತ್ತು ನಾನು ಟ್ರಾನ್ಸ್‌ಲೇಟ್ ಮಾಡುತ್ತೇನೆ, ಇವರಲ್ಲ.

ಗುಜರಾತಿಗಳು ನಕ್ಕರು, ತೆಲುಗರು ತಲೆಯಾಡಿಸಿದರು. ರೊಮಾನೊ ನಗಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ಚಿಕ್ಕತಾಯಮ್ಮನ ಎದುರು ಕೂತು, ಇಲ್ಲೇ ಇರುವಿರೋ ಅಲ್ಲಿಗೆ ಹೋಗುವಿರೋ ಎಂದು ಕೇಳಿದಳು.

“ಎಲ್ಲಾದ್ರೂ ಸರಿ ಕಣವ್ವ,” ಎಂದರು ಚಿಕ್ಕತಾಯಮ್ಮ.

“ಕೇಳಿ, ಇನ್ನೊಂದು ಸಲ,” ಎಂದರು ಅನಸೂಯಮ್ಮ.

ಆಕೆ ಕೇಳಿದಳು. “ನನ್ನಿಂದ ಯಾಕ್ ನಿಮ್ಗೆಲ್ಲ ತೊಂದ್ರೆ,” ಎಂದರು ಚಿಕ್ಕತಾಯಮ್ಮ.

ಮತ್ತೆ ಕೇಳಿದಾಗ ಚಿಕ್ಕತಾಯಮ್ಮ ರೊಮಾನೊಳನ್ನು ಬಿಟ್ಟು ಅನಸೂಯಮ್ಮನ ಕಡೆಗೆ ತಿರುಗಿದರು.

“ಬೇಜಾರ್ ಮಾಡ್ಕಬ್ಯಾಡಿ ಅನಸೂಯಮ್ಮೋರೆ,” ಎಂದರು. “ಅಲ್ಲಿ ಬಾಗ್ಲು ತಗುದ್ರೆ ರೋಡೇ ಅಂತೆ. ಇಲ್ಲಿ ನೀವ್ ಬರೋಗಂಟ ಚಪ್ಲಿ ಮೆಟ್ಕಂಡು ಬಾಗ್ಲಲ್ಲೇ ನಿಂತಿರ್ತೀನಿ. ನೀವು ಒಂದಿನಾನೂ ತಪ್ಪುಸ್ನಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಆದ್ರೆ ನಂಗೂ ಅನ್ಸುತ್ತೆ, ಯಾರ ಕೈಯೂ ಹಿಡೀದೆ ನನ್ಪಾಡಿಗೆ ನಾನು ಆಚೆ ಹೋಗಿ ಬರ್ಬೇಕು ಅಂತ. ನಿಮ್ಗೆ ಎಂಗ್ ಹೇಳ್ಳಿ ಅಂತ ಸುಮ್ಕಿದ್ದೆ.”

ಅನಸೂಯಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಹಿಡಿದ ಕೈ ಇವರಿಗೆ ಭಾರವಾಗಿತ್ತೇ ಎಂದು ಸಂಕಟಪಟ್ಟರು. ಅದರ ಬೆನ್ನಿಗೇ, ಚಪ್ಪಲಿ ಮೆಟ್ಟಿಕೊಂಡು ತನ್ನ ಬರವಿಗಾಗಿ ಬಾಗಿಲಲ್ಲಿ ನಿಂತ ಹೆಂಗಸು ಕಣ್ಣ ಮುಂದೆ ಬಂದು, ನಾಚಿಕೆಯೂ ಆಯಿತು.

ಏನೆಂದರು ಎಂದು ರೊಮಾನೊ ಕೇಳಿದಳು.

ಬದರೀನಾಥರು ಕನ್ನಡಕ ಒರೆಸುತ್ತ ತಲೆ ತಗ್ಗಿಸಿ ಕೂತಿದ್ದರು. ಹೆಂಡತಿ ಇಂಗ್ಲಿಷಿನಲ್ಲಿ ಏನು ಹೇಳಿದರೂ ಇವತ್ತು ಅವರು ತಿದ್ದುವವರಲ್ಲ. ಅದು ಅನಸೂಯಮ್ಮನಿಗೆ ಚೆನ್ನಾಗಿ ತಿಳಿದಿತ್ತು. ಗೆಳತಿಯನ್ನು ಉಳಿಸಿಕೊಳ್ಳಲೆಂದು ಇಡೀ ವಾರ ಜೋಡಿಸಿಟ್ಟ ವಾಕ್ಯಗಳೂ ನಾಲಿಗೆಯ ತುದಿಯಲ್ಲೇ ಇದ್ದವು. ಚಿಕ್ಕತಾಯಮ್ಮ ನಂಬಿಕೆಯಿಂದ ಅವರ ಬಾಯನ್ನೇ ನೋಡುತ್ತಿದ್ದರು.

“ಶಿ ವಾಂಟ್ಸ್ ಟು ಗೋ,” ಎಂದರು ಅನಸೂಯಮ್ಮ.

ರೊಮಾನೊ ಪಾಠ ಕಲಿತಿದ್ದಳು. ಅನಸೂಯಮ್ಮನ ಕಣ್ಣು ತುಂಬಿದ್ದನ್ನು ನೋಡಿ ಮೆಲ್ಲಗೆ ಇನ್ನೊಂದು ಸಲ ಕೇಳಿದಳು. ಅನಸೂಯಮ್ಮ ಇನ್ನೊಂದು ಸಲ ಹೇಳಬೇಕಾಯಿತು.