ಬೀದಿಗೆ ಬಗ್ಗಿದ ಲೆನ್ಸ್

ಅಲೆಕ್ಸಾಂಡ್ರಿಯಾದಲ್ಲಿ ಶುಕ್ರಿ ಎಂಬವನ ಕ್ಯಾಮೆರಾ ಅಂಗಡಿ ಇದ್ದದ್ದು ಎರಡನೇ ಮಹಡಿಯಲ್ಲಿ. ಅಂದು ಬಂದ ಗಿರಾಕಿ, ವಲಸೆ ಕೊಕ್ಕರೆಗಳ ಫೋಟೋ ತೆಗೆಯುವವನು ತಾನೆಂದ; ಲೆನ್ಸಿಗೆ ಆಸರೆಯಾಗುವ ಒಂಟಿಗಾಲಿನ ಕೋಲು, ಮಾನೋಪಾಡ್, ಬೇಕೆಂದ. ಅವನ ನಾಲ್ಕು ಕಿಲೋ ತೂಕದ ಲೆನ್ಸ್ ನೋಡಿ ಶುಕ್ರಿಗೆ ಹುರುಪು ಬಂತು.

"ಆ ಸಪೂರ ಮಾನೋಪಾಡ್ ಬಳುಕುತ್ತೆ ಉಸ್ತಾದ್, ಈ ದಪ್ಪದ್ದು ತಗೊಳ್ಳಿ. ಅದರ ತುದಿಗೆ ಎಲ್ಲಾ ಕಡೆ ತಿರುಗೋ ಗುಂಡು ಹೆಡ್ಡಂತೂ ಬೇಡವೇ ಬೇಡ, ಲೆನ್ಸ್ ದಢಕ್ಕಂತ ಪಕ್ಕಕ್ಕೆ ವಾಲುತ್ತೆ. ಮೇಲೆ ಕೆಳಗೆ ಮಾತ್ರ ಬಗ್ಗೋ ಈ ಹೆಡ್ ಹಾಕ್ಕೊಳ್ಳಿ."

ಗಿರಾಕಿ ಅದನ್ನೇ ಜೋಡಿಸಿ ಕಿಟಕಿಯ ಬಳಿ ನಿಂತ. ಶುಕ್ರಿಗೆ ಇರಿಸುಮುರಿಸಾಯಿತು. ಇಪ್ಪತ್ತು ವರ್ಷಗಳಿಂದ ಅವನು ಕಂಡ ಹಕ್ಕಿ ಫೋಟೋದವರೆಲ್ಲ ಲೆನ್ಸನ್ನು ಮೊದಲು ಆಕಾಶಕ್ಕೆತ್ತಿ ನೋಡಿದವರೇ. ಇವನು ಒಮ್ಮೆಯೂ ಎತ್ತಲಿಲ್ಲ, ಬೀದಿಗೇ ಬಗ್ಗಿಸುತ್ತಿದ್ದ.

"ಏನು, ಕೊಕ್ಕರೆ ಕಾಫಿ ಕುಡಿಯೋಕೆ ಬಂದಿದ್ಯಾ?" ಎಂದು ಶುಕ್ರಿ ನಕ್ಕ.

ಗಿರಾಕಿ ನಗಲಿಲ್ಲ. "ಅಲುಗ್ತಿದೆ," ಎಂದಷ್ಟೇ ಹೇಳಿದ.

ತನ್ನ ಅಂಗಡಿಯ ಸಾಮಾನು ಅಲುಗುತ್ತದೆ ಎಂದರೆ ಶುಕ್ರಿ ತಡೆದುಕೊಂಡಾನೆಯೇ? "ಕೋಲನ್ನ ಗೂಟದ ಹಾಗೆ ನೆಟ್ಟಗಿಟ್ರೆ ಅಲುಗದೆ ಇನ್ನೇನು! ಬುಡ ಮುಂದಕ್ಕೆ ಚಾಚಿ, ಮೈಭಾರ ಅದರ ಮೇಲೆ ಬಿಡಿ, ಉಸಿರು ಬಿಟ್ಟು ಬಟನ್ ಒತ್ತಿ," ಎಂದು ಗದರಿ, ತಾನೇ ಕೋಲು ಸರಿಪಡಿಸಿ, ಹೆಡ್ಡಿನ ತಿರುಪು ಬಿಗಿದ.

"ಈಗ ಕಲ್ಲಿನ ಹಾಗೆ ನಿಲ್ತು," ಎಂದು ಗಿರಾಕಿ ಮೊದಲ ಸಲ ನಕ್ಕ. "ನೀವೇ ನೋಡಿ."

ಶುಕ್ರಿ ಕಣ್ಣಿಟ್ಟ. ಎದುರಿನ ಕಾಫಿ ಅಂಗಡಿಯಲ್ಲಿ, ದಿನವೂ ಇದೇ ಹೊತ್ತಿಗೆ ಕೂರುವ ತನ್ನದೇ ತಮ್ಮ ನಬೀಹ್, ದೊಡ್ಡವರ ಹಗರಣ ಬರೆಯುವ ಪತ್ರಕರ್ತ, ಯಾರಿಂದಲೋ ಕಾಗದಪತ್ರ ತುಂಬಿದ ಒಂದು ಲಕೋಟೆ ಇಸಿದುಕೊಳ್ಳುತ್ತಿದ್ದ. ಕೊಟ್ಟವನ ಮುಖವೂ ಸ್ಪಷ್ಟವಾಗಿತ್ತು.

ಚಿತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ.